ಬಾಡಿಗೆ ನಿಶ್ಚಯಿಸುವವರು ಯಾರು?

ಆ್ಯಪ್ ಕ್ಯಾಬ್‌ಗಳಿಗೂ ಹಳೆಯ ಟ್ಯಾಕ್ಸಿಗಳಿಗೂ ಪೈಪೋಟಿ ಎಂಬ ಮಾತನ್ನು ಹತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಹೈದರಾಬಾದಿನ ಮಟ್ಟಿಗೆ ಅದು ಸವಕಲು ಮಾತು. ಮುಂಬಯಿಯ ಕಪ್ಪು-ಹಳದಿ, ಕೋಲ್ಕತ್ತದ ಹಳದಿ ಟ್ಯಾಕ್ಸಿಗಳಂಥ ಪರಂಪರೆ ಇಲ್ಲಿ ಬೇರೂರಲೇ ಇಲ್ಲ. ಆಟೊ ಇತ್ತು, ಫೋನು ಮಾಡಿ ಗೊತ್ತುಪಡಿಸುವ ಟ್ರಾವೆಲ್ಸ್ ಇತ್ತು. 2008ರಲ್ಲಿ ಶಂಷಾಬಾದಿನ ವಿಮಾನ ನಿಲ್ದಾಣ ತೆರೆದ ಮೇಲೆ ಮೇರುವಿನಂಥ ರೇಡಿಯೊ ಟ್ಯಾಕ್ಸಿಗಳು ಬಂದವು. ಓಲಾ, ಊಬರ್ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಆ ಟ್ಯಾಕ್ಸಿಗಳ ಚಾಲಕರಲ್ಲಿ ಬಹಳ ಮಂದಿ ಈ ಆ್ಯಪ್‌ಗಳ ಚಾಲಕರಾದರು. ಗೆದ್ದವನೂ ಸೋತವನೂ ಅದೇ ಸ್ಟಿಯರಿಂಗ್ ಹಿಡಿದು ಕೂತಿರುವಾಗ ಪೈಪೋಟಿ ಯಾರ ನಡುವೆ? ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕಿಲೋಮೀಟರಿಗೆ ಇಷ್ಟು ಎಂದು ನಿಶ್ಚಯಿಸುವ ಅಧಿಕಾರ ಈ ಊರಿನಲ್ಲಿ ಯಾರ ಕೈಯಲ್ಲಿದೆ?

ಕಾನೂನಿನ ಪ್ರಕಾರ ಅದು ರಾಜ್ಯ ಸರ್ಕಾರದ್ದು. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮು ಕನಿಷ್ಠ ಹಾಗೂ ಗರಿಷ್ಠ ದರಗಳೆರಡನ್ನೂ ಗೊತ್ತುಪಡಿಸುವ ಅವಕಾಶವನ್ನು ಸರ್ಕಾರಕ್ಕೆ ಕೊಟ್ಟಿದೆ. ಆಟೊದ ಮೀಟರು ಆ ಅಧಿಕಾರದ ಕಣ್ಣಿಗೆ ಕಾಣುವ ಗುರುತು. ಹೈದರಾಬಾದಿನಲ್ಲಿ ಮೀಟರನ್ನು ಕೊಂದದ್ದು ಆ್ಯಪ್ ಎನ್ನುವವರಿದ್ದಾರೆ; ನಾನು ಒಪ್ಪಲಾರೆ. 2014ರಲ್ಲಿ ಪರಿಷ್ಕೃತವಾದ ಆಟೊ ದರ ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಇಂಧನದ ಬೆಲೆ ಏರುತ್ತಲೇ ಹೋಯಿತು. ಚಾಲಕ ಮೀಟರು ಹಾಕುವುದನ್ನು ಬಿಟ್ಟು ಬಾಯಿಗೆ ಬಂದ ಬೆಲೆ ಹೇಳತೊಡಗಿದ. ಯಶವಂತಪುರದಲ್ಲಿ ರೈಲು ಹತ್ತಿ ಬೆಳಗ್ಗೆ ಕಾಚಿಗುಡದಲ್ಲಿ ಇಳಿದ, ತೆಲುಗೂ ದಖ್ಖನಿಯೂ ಬಾರದ ಕನ್ನಡಿಗರಿಗೆ ಆ ಚೌಕಾಸಿಯ ನೆನಪು ಮಾಸಿರಲಾರದು. ಆ್ಯಪ್ ಅದನ್ನು ತಪ್ಪಿಸಿತು. ರಾತ್ರಿ ಒಬ್ಬಳೇ ಹೊರಟ ಮಗಳು ಎಲ್ಲಿಗೆ ಬಂದಳೆಂದು ಮನೆಯವರು ಫೋನಿನಲ್ಲೇ ನೋಡುವಂತಾಯಿತು. ಸಣ್ಣ ಉಪಕಾರವೇನಲ್ಲ ಅದು. ಆ್ಯಪ್‌ಗಳನ್ನು ಬಯ್ಯಲು ಕೂತವರು ಮಾತ್ರ ಇದನ್ನು ಮರೆಯುತ್ತಾರೆ.

ಆದರೆ ಸರ್ಕಾರ ಎದ್ದುಹೋದ ಪೀಠದಲ್ಲಿ ಕಂಪನಿ ಬಂದು ಕೂತಿತು. ಮಳೆ ಬಂದಾಗ ದರ ಏರುವುದು ನಮಗೆ ಕಾಣುತ್ತದೆ. ಮಿಕ್ಕ ಹೊತ್ತು ಅದು ಎಷ್ಟು ಇಳಿದಿದೆ ಎಂಬುದು ಕಾಣುವುದು ಚಾಲಕನಿಗೆ. 2024ರ ಏಪ್ರಿಲಿನಲ್ಲಿ ತೆಲಂಗಾಣ ಗಿಗ್ ಮತ್ತು ಪ್ಲಾಟ್‌ಫಾರ್ಮ್ ಕಾರ್ಮಿಕರ ಸಂಘ ‘ನೋ ಎಸಿ’ ಚಳವಳಿ ಹೂಡಿತು. ಎಸಿ ಹಾಕಿ ಓಡಿಸಿದರೆ ಕಿಲೋಮೀಟರಿಗೆ 16ರಿಂದ 18 ರೂಪಾಯಿ ಖರ್ಚು, ಕೈಗೆ ಬರುವುದು 10ರಿಂದ 12 ಎಂಬುದು ಸಂಘದ ಲೆಕ್ಕ. ಬೆವರು ಒರೆಸಿಕೊಳ್ಳುತ್ತ ನಾವು ಕೋಪಿಸಿಕೊಂಡದ್ದು ಚಾಲಕನ ಮೇಲೆ. ಊಬರ್‌ನ ತಂತ್ರಾಂಶ ಕೇಂದ್ರವೊಂದು ಇದೇ ಹೈದರಾಬಾದಿನಲ್ಲಿದೆ. ತಂತ್ರಾಂಶ ಬರೆಯುವವರೂ ಅದು ಹೇಳಿದಂತೆ ಓಡುವವರೂ ಒಂದೇ ಊರಿನವರು, ಆದರೆ ದರದ ಬಗ್ಗೆ ಅವರಿಬ್ಬರು ಎದುರುಬದುರು ಕೂತು ಮಾತಾಡುವ ಜಾಗವೊಂದಿಲ್ಲ.

ಈಚೆಗೆ ಸೊನ್ನೆ ಕಮಿಷನ್ನಿನ ಮಾತು ಜೋರಾಗಿದೆ. ಬೆಂಗಳೂರಿನ ಆಟೊಗಳಿಗಾಗಿ 2022ರಲ್ಲಿ ಬಂದ ನಮ್ಮ ಯಾತ್ರಿ ತೋರಿದ ದಾರಿಯಲ್ಲಿ ದೊಡ್ಡ ಕಂಪನಿಗಳೂ ನಡೆದವು. 2025ರಲ್ಲಿ ಓಲಾ ಕೂಡ ಕಮಿಷನ್ ಕೈಬಿಟ್ಟು ನಿಗದಿತ ಶುಲ್ಕಕ್ಕೆ ಬಂತು. ಸುಧಾರಣೆ ಹೌದು. ಆದರೂ ಆ್ಯಪ್ ತೋರಿಸುವ ದರವೇ ಖರ್ಚಿಗಿಂತ ಕಡಿಮೆಯಿದ್ದರೆ ಕಮಿಷನ್ ಹೋಗಿ ಏನು ಬಂತು?

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಆ್ಯಪ್ ಕ್ಯಾಬಿಗೂ ಸಾಮಾನ್ಯ ಟ್ಯಾಕ್ಸಿಗೂ ಒಂದೇ ದರ ಎಂದು ಆದೇಶಿಸಿತು: 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಇದರ ಪಾಲನೆ ಹೇಗಿದೆ ಎಂಬುದನ್ನು ಬೆಂಗಳೂರಿನವರನ್ನೇ ಕೇಳಬೇಕು. ಆದರೂ ಅಲ್ಲಿಯ ಚಾಲಕನ ಕೈಯಲ್ಲಿ ಹಿಡಿದು ವಾದಿಸಲು ಒಂದು ಕಾಗದವಿದೆ. ಇಲ್ಲಿಯವರು ಕೇಳುತ್ತಿರುವುದೂ ಅಂಥದೇ ಕಾಗದವನ್ನು. 2025ರ ಜುಲೈಯಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿ ದರವು ಮೂಲ ದರದ ಎರಡು ಪಟ್ಟು ಮೀರಬಾರದು, ಅದರ ಅರ್ಧಕ್ಕಿಂತ ಇಳಿಯಬಾರದು ಎನ್ನುತ್ತದೆ. ಆ ಮೂಲ ದರವನ್ನು ಗೊತ್ತುಪಡಿಸಬೇಕಾದ ರಾಜ್ಯ ಸುಮ್ಮನಿದ್ದರೆ ಎರಡು ಪಟ್ಟು ಯಾವುದರದ್ದು, ಅರ್ಧ ಯಾವುದರದ್ದು?

ಕೇಂದ್ರ ಸರ್ಕಾರಿ ನೌಕರನಾದ ನನ್ನ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ಅನುಸರಿಸಿ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಿಂದ ಪರಿಷ್ಕೃತವಾಗುತ್ತದೆ. ಅದಕ್ಕಾಗಿ ನಾನು ಕಚೇರಿಯ ಫ್ಯಾನು ಆರಿಸಿ ಪ್ರತಿಭಟಿಸಬೇಕಾಗಿಲ್ಲ. ನಾನು ಕೊಳ್ಳುವ ಬೇಳೆಯನ್ನೇ ಚಾಲಕನೂ ಕೊಳ್ಳುತ್ತಾನೆ. ಅವನ ಕಿಲೋಮೀಟರ್ ದರವನ್ನೂ ಇಂಧನ ಮತ್ತು ಬೆಲೆ ಸೂಚ್ಯಂಕಕ್ಕೆ ಜೋಡಿಸಿ, ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಿ ಸರ್ಕಾರ ಪ್ರಕಟಿಸಲಿ. ಆ್ಯಪ್ ಯಾವುದೇ ಇರಲಿ, ಅದಕ್ಕಿಂತ ಕೆಳಗೆ ಇಳಿಯದಿರಲಿ. ಹೀಗಾದರೆ ಗಚ್ಚಿಬೌಲಿಯಿಂದ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಬರುವ ನಮ್ಮಂಥವರ ಖರ್ಚು ಹೆಚ್ಚುತ್ತದೆ. ಕೆಲವರು ಮೆಟ್ರೊ ಹತ್ತುತ್ತಾರೆ. ಗಿರಾಕಿ ಕಡಿಮೆಯಾದರೆ ನಷ್ಟ ಚಾಲಕನಿಗೇ ಅಲ್ಲವೆ ಎಂದು ಗೆಳೆಯರು ಕೇಳುತ್ತಾರೆ. ಇರಬಹುದು. ಆದರೆ ಗಿಟ್ಟದ ಹತ್ತು ಬಾಡಿಗೆಗಿಂತ ಗಿಟ್ಟುವ ಆರು ಸಾಕು ಎನ್ನುವ ಚಾಲಕರೇ ನನಗೆ ಹೆಚ್ಚಾಗಿ ಸಿಕ್ಕಿದ್ದಾರೆ.