ವಾದವನ್ನು ಬಿಚ್ಚಿ ನೋಡೋಣ



ಸಭೆಯಲ್ಲಿ ದೊಡ್ಡವರು ನಯವಾಗಿ ನಾಲ್ಕು ಮಾತಾಡುತ್ತಾರೆ. ನಾವು 'ಹೌದಲ್ಲ' ಅಂತ ತಲೆಯಾಡಿಸುತ್ತೇವೆ, ಇಲ್ಲವೇ ಸಿಟ್ಟಿಗೆದ್ದು ಕೂಗುತ್ತೇವೆ. ಎರಡರಿಂದಲೂ ಅವರ ವಾದ ಸೋಲುವುದಿಲ್ಲ. ವಾದವನ್ನು ಬಿಚ್ಚಿ ನೋಡುವುದನ್ನು ನಾವು ಕಲಿಯಬೇಕು.

ನಮ್ಮ ಉಮ್ಮಚಗಿಯಲ್ಲಿ ಸಂಸ್ಕೃತ ಪಾಠಶಾಲೆ ಇದೆ. ಸಂಸ್ಕೃತ ವಿದ್ಯೆಯಲ್ಲಿ ತರ್ಕಶಾಸ್ತ್ರ ಒಂದು ಭಾಗ. ಶತಮಾನಗಳ ಕಾಲ ಈ ವಿದ್ಯೆಯ ಬಾಗಿಲು ನಮ್ಮ ಹಿರಿಯರಿಗೆ ಮುಚ್ಚಿತ್ತು. ಒಳಗೆ ಇದ್ದದ್ದೇನು? 'ಗುಡ್ಡದಲ್ಲಿ ಬೆಂಕಿಯಿದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ.' ನಮ್ಮನ್ನು ಒಳಗೇ ಬಿಡದ ಅಡುಗೆಮನೆಯೇ ಇವರ ಉದಾಹರಣೆ! ಇರಲಿ. ಆಯುಧ ಚೆನ್ನಾಗಿದೆ, ಎತ್ತಿಕೊಳ್ಳೋಣ. ಹೇಳಿದ್ದೇನು, ಕೊಟ್ಟ ಕಾರಣವೇನು, ಎರಡಕ್ಕೂ ನಂಟಿದೆಯೇ? ಇಷ್ಟೇ ಕೇಳಬೇಕಾದ್ದು. ನಂಟಿಲ್ಲದೆ ಕಾರಣದ ವೇಷ ಹಾಕಿ ಬರುವುದನ್ನು ಅವರೇ ಹೇತ್ವಾಭಾಸ ಅಂತ ಕರೆದಿದ್ದಾರೆ.

ಇನ್ನೊಂದು ಮೋಸದ ಹೆಸರು ಛಲ. ಒಬ್ಬ ಆಡಿದ ಮಾತಿಗೆ ಬೇರೆ ಅರ್ಥ ಹಚ್ಚಿ, ಆ ಅರ್ಥವನ್ನೇ ಹೊಡೆಯುವುದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದರು. ಅದು ಸಾಹಿತ್ಯದ ಮೇಲಿನ ಮಾತು. ಉತ್ತರ ಕೊಡುವವರು 'ಇಲ್ಲ, ನಮ್ಮ ಸಾಹಿತ್ಯದಲ್ಲಿ ಹೊಲೆ ಮಾದಿಗರ ಬದುಕು ಇಗೋ ಇಲ್ಲಿದೆ' ಅಂತ ತೋರಿಸಬೇಕಿತ್ತು. ತೋರಿಸಿದರೇ? 'ಕನ್ನಡವನ್ನೇ ಬೂಸಾ ಅಂದ, ಕನ್ನಡ ದ್ರೋಹಿ' ಅಂತ ಬೀದಿಗಿಳಿದರು. ದಲಿತ ಹುಡುಗರಿಗೆ ಏಟು ಬಿತ್ತು. ಮಂತ್ರಿಗಿರಿ ಹೋಯಿತು. ಪ್ರಶ್ನೆ ಮಾತ್ರ ಉತ್ತರವಿಲ್ಲದೆ ನಿಂತೇ ಇತ್ತು. ದಲಿತ ಚಳವಳಿ ಆ ಪ್ರಶ್ನೆಯನ್ನು ಎತ್ತಿಕೊಂಡು ನಡೆಯಿತು.

ಈಗ ನಮ್ಮ ಘಟ್ಟದ ಮೇಲಿನ ಮಾತು. 'ಕಾಡು ಸರಕಾರದ್ದು. ಇವರ ಹತ್ತಿರ ಕಾಗದ ಇಲ್ಲ. ಆದ್ದರಿಂದ ಇವರು ಅತಿಕ್ರಮಣದಾರರು.' ಕೇಳಲಿಕ್ಕೆ ಎಷ್ಟು ಸಲೀಸು! ಬಿಚ್ಚಿ ನೋಡಿ. ಇದೇ ಸರಕಾರಿ ಕಾಡಿನಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ತೋಟಕ್ಕೆ ಸೊಪ್ಪು ಬೇಕು, ಒಪ್ಪಿದೆವು. ಆದರೆ ತೋಟ ಇದ್ದವನಿಗೆ ಕಾಗದ ಬಂತು, ಆ ತೋಟದಲ್ಲಿ ಕೂಲಿ ಮಾಡಿದವನಿಗೆ ಬರಲಿಲ್ಲ. ಹಾಗಾದರೆ ಕಾಗದ ಇಲ್ಲದ್ದು ಏನನ್ನು ಸಾಬೀತು ಮಾಡುತ್ತದೆ? ನಾವು ಅಲ್ಲಿ ಬದುಕಲಿಲ್ಲ ಅಂತ ಅಲ್ಲ. ನಮ್ಮ ಹೆಸರನ್ನು ಯಾರೂ ಬರೆಯಲಿಲ್ಲ ಅಂತ, ಅಷ್ಟೇ.

2006ರ ಅರಣ್ಯ ಹಕ್ಕು ಕಾಯಿದೆಯೂ ನಮ್ಮಂಥ ಬುಡಕಟ್ಟಲ್ಲದವರಿಂದ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ, ಕಾಡಿನ ಬದುಕಿಗೆ ಸಾಕ್ಷಿ ಕೇಳುತ್ತದೆ. ಬರೆಯುವ ವಿದ್ಯೆಯನ್ನೇ ಕೊಡದವರು ಬರಹ ತೋರಿಸು ಅನ್ನುವುದು ಯಾವ ನ್ಯಾಯ? ಆದರೆ ಅದೇ ಕಾಯಿದೆಯ ನಿಯಮದಲ್ಲಿ, ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಒಂದು ಸಾಕ್ಷಿ ಅಂತ ಇದೆ. ಒಂದೇ ಸಾಕ್ಷಿ ಸಾಲದು, ಬೇರೆಯದೂ ಜೊತೆಗಿರಬೇಕು. 'ಕಾಗದ ಇಲ್ಲ, ಹೋಗು' ಅನ್ನುವವರು ಈ ಸಾಲನ್ನು ಓದಿ ಹೇಳುವುದಿಲ್ಲ. ನಾವೇ ಓದಬೇಕು, ಕೇರಿಯ ಅಜ್ಜ ಅಜ್ಜಿಯರ ಮಾತನ್ನು ಬರೆಸಿ ಗ್ರಾಮಸಭೆಗೆ ಒಯ್ಯಬೇಕು.

ಕೊನೆಗೊಂದು ಮಾತು. ಈ ಅಲಗು ನಮ್ಮ ಕಡೆಗೂ ತಿರುಗಬೇಕು. ನಮ್ಮ ಮುಖಂಡರು ಅಂದರು ಅಂತ ಮಾತು ನಿಜವಾಗುವುದಿಲ್ಲ. ಎದುರಿನವನು ಮೇಲ್ಜಾತಿಯವನು ಅಂತ ಅವನ ಮಾತೆಲ್ಲ ಸುಳ್ಳೂ ಅಲ್ಲ. ಆಡಿದ್ದನ್ನು ಪೂರ್ತಿ ಕೇಳೋಣ, ಕಾರಣ ಕೇಳೋಣ, ಆಮೇಲೆ ಎದ್ದು ನಿಂತು ಮಾತಾಡೋಣ. ಬಾಬಾಸಾಹೇಬರು ಶಿಕ್ಷಣ, ಸಂಘಟನೆ, ಹೋರಾಟ ಅಂದರು. ಓದು ಅಂದರೆ ಬರೀ ಡಿಗ್ರಿಯಲ್ಲ, ಇದೂ ಓದೇ.

ಜೈಭೀಮ್.