ಎರಡು ದೋಣಿಯ ಮಾತು

“ಅರ್ಥಶಾಸ್ತ್ರದೊಡನೆ ಜರ್ಮನ್ ಭಾಷೆಯೆ? ಎರಡು ದೋಣಿಗಳಲ್ಲಿ ಕಾಲಿಟ್ಟವನು ಹೊಳೆ ದಾಟಿಯಾನೆ?” ಪದವಿ ತರಗತಿಗೆ ಸೇರಲು ಹೊರಟ ನನ್ನ ಹಳೆಯ ವಿದ್ಯಾರ್ಥಿಗೆ ಹಿರಿಯರೊಬ್ಬರು ಹೇಳಿದ ಬುದ್ಧಿವಾದವಿದು. ಕನ್ನಡ ಶಾಲೆಯಲ್ಲಿ ಓದಿದವನಿಗೆ ಇಂತಹ ಆಸೆ ಸಲ್ಲದೆಂಬ ಭಾವವೂ ಅದರಲ್ಲಿ ಅಡಗಿದ್ದಿತು. ಹುಡುಗನು ತಲೆ ತಗ್ಗಿಸಿಕೊಂಡು ನನ್ನಲ್ಲಿಗೆ ಬಂದನು. ಇದನ್ನು ಕೇಳಿ ಸುಮ್ಮನಿರುವುದು ಶಿಕ್ಷಕಧರ್ಮವಲ್ಲ.

ಮೊದಲು ನಮ್ಮ ಹೊಲವನ್ನೇ ನೋಡೋಣ. ಆದವಾನಿಯ ಪೇಟೆಗೆ ಹತ್ತಿ ತರುವ ರೈತನು ಅದರ ಬೆಲೆಯನ್ನು ತಾನೇ ಗೊತ್ತುಮಾಡುವನೆ? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ಬರುವುದು ತಪ್ಪಿ, ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು. ನಮ್ಮ ಬಾಳಿನ ಲೆಕ್ಕದಲ್ಲಿ ಹೊರನಾಡುಗಳ ಕೈ ಅಂದಿನಿಂದಲೂ ಇದೆ. ಆ ನಾಡುಗಳನ್ನು ಅರಿಯಬೇಕೆಂಬ ಹುಡುಗನ ಹಂಬಲ ಅತಿಯಾಸೆಯೆ?

“ಅದಕ್ಕೆ ಇಂಗ್ಲಿಷ್ ಸಾಲದೆ?” ಎನ್ನುವರು. ಇಂಗ್ಲಿಷ್ ಬೇಕು, ಅದೊಂದೇ ಸಾಲದು. ಮಾರ್ಕ್ಸನ ‘ಬಂಡವಾಳ’ದ ಮೊದಲ ಸಂಪುಟ ಜರ್ಮನ್ ಭಾಷೆಯಲ್ಲಿ ಹೊರಬಂದುದು 1867ರಲ್ಲಿ, ಇಂಗ್ಲಿಷಿಗೆ ಬಂದುದು 1887ರಲ್ಲಿ. ವಾಲ್ರಾಸನ ಫ್ರೆಂಚ್ ಗ್ರಂಥ 1874ರಿಂದ ಪ್ರಕಟವಾಗತೊಡಗಿತು. ಅದರ ಇಂಗ್ಲಿಷ್ ಅನುವಾದ 1954ರದು. ಎಂಬತ್ತು ವರ್ಷ! ಅನುವಾದಕನ ದಾರಿ ಕಾಯುವವನು ಹಳಸಿದ ಊಟವನ್ನೇ ಉಣ್ಣಬೇಕು.

ನಮ್ಮ ಮಕ್ಕಳಿಗೆ ಶಕ್ತಿಯಿಲ್ಲವೆಂಬ ಮಾತಂತೂ ಹುಸಿ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿಯು ಆಂಧ್ರಕ್ಕೆ ಸೇರಿತು. ಅಂದಿನಿಂದ ಮಂತ್ರಾಲಯದ ಕನ್ನಡದ ಕೂಸು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುತ್ತಿದೆ. ಐದನೆಯದಕ್ಕೆ ಅದು ಹೆದರೀತೆ?

ತಪ್ಪು ಇರುವುದು ಬೇರೆಡೆ. ವಿಷಯಗಳ ನಡುವೆ ಗೋಡೆಗಳು ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾರಿತು. ಗೋಡೆ ಕಾಗದದ ಮೇಲೆ ಬಿದ್ದಿದೆ; ಮನಸ್ಸಿನಲ್ಲಿ ನಿಂತಿದೆ. ಪರಭಾಷೆಯನ್ನು ಆರು ತಿಂಗಳ ಅಲಂಕಾರವಾಗಿ ಕಲಿಸಿ, ಕುಶಲಪ್ರಶ್ನೆ ಕೇಳುವುದಕ್ಕೇ ನಿಲ್ಲಿಸಿದರೆ ಫಲವೇನು? ಪದವಿಯ ಉದ್ದಕ್ಕೂ ಅದನ್ನು ಕಲಿಸಬೇಕು. ಕೊನೆಯ ವರ್ಷದಲ್ಲಿ ಆ ಭಾಷೆಯ ಅರ್ಥಶಾಸ್ತ್ರ ಲೇಖನಗಳನ್ನೇ ಓದಿಸಬೇಕು.

ಕಲಿಯುವವನಿಗೂ ಒಂದು ಹೊಣೆಯುಂಟು. ಬೇಡಿಕೆ, ಪೂರೈಕೆ, ಬಡ್ಡಿ, ಬಂಡವಾಳಗಳ ತಿರುಳನ್ನು ಮೊದಲು ಕನ್ನಡದಲ್ಲಿ ತಿಳಿದಿರಬೇಕು. ಅಲ್ಲಿ ಕಲಿತುದನ್ನು ಮರಳಿ ಕನ್ನಡದಲ್ಲಿ ತಿಳಿಸಬೇಕು. ಇದು ನೆರವೇರಿದರೆ ನಮ್ಮ ಹತ್ತಿಯ ರೈತನಿಗೂ ಆ ವಿದ್ಯೆ ದಕ್ಕೀತು.

ಶಿಕ್ಷಕಬಂಧುಗಳೆ, ಇವು ಎರಡು ದೋಣಿಗಳಲ್ಲ, ಒಂದೇ ದೋಣಿಯ ಎರಡು ಹುಟ್ಟುಗಳು ಎಂದು ಆ ಹುಡುಗನಿಗೆ ಹೇಳಿ ಕಳುಹಿಸಿದ್ದೇನೆ. ನಿಮ್ಮ ಶಾಲೆಯಿಂದ ಅಂತಹವನೊಬ್ಬನು ಕೇಳಲು ಬಂದರೆ ನೀವೂ ಅವನ ತಲೆ ತಗ್ಗಿಸದಿರಿ.