ಫ್ರೆಂಚಿಗೆ ತೆರೆದ ಬಾಗಿಲು, ಕನ್ನಡಕ್ಕೆ ಹಾಕಿದ ಅಗುಳಿ

ನವೆಂಬರ್ ತಿಂಗಳು ಬಂತೆಂದರೆ ನಾವು ಮುಂಬಯಿ ಕನ್ನಡಿಗರು ಒಂದು ಠರಾವು ಪಾಸು ಮಾಡುತ್ತೇವೆ. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳು ಉಳಿಯಬೇಕು, ಖಾಲಿ ಬಿದ್ದ ಹುದ್ದೆಗಳನ್ನು ತುಂಬಬೇಕು, ಕರ್ನಾಟಕ ಸರಕಾರ ಅನುದಾನ ಕೊಡಬೇಕು ಎಂದು. ಒಬ್ಬರು ಮಂಡಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಅನಂತರ ಉಪಾಹಾರ. ಠರಾವು ಮಂಡಿಸಿದವರ ಮಕ್ಕಳೂ ಅನುಮೋದಿಸಿದವರ ಮಕ್ಕಳೂ ಚಪ್ಪಾಳೆ ತಟ್ಟಿದ ನಮ್ಮ ಮಕ್ಕಳೂ ಕಾಲೇಜಿನಲ್ಲಿ ಓದುವುದು ಫ್ರೆಂಚ್, ಇಲ್ಲವೇ ಜರ್ಮನ್. ಈ ಮಾತನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ; ಎತ್ತಿದರೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದು ಕಷ್ಟ.

ಎತ್ತಿದಾಗಲೂ ಅದು ಬೈಗುಳಾಗಿ ಬರುತ್ತದೆ. ಹೊರನಾಡಿನವರಿಗೆ ಭಾಷಾಭಿಮಾನವಿಲ್ಲ, ಮಕ್ಕಳನ್ನು ಇಂಗ್ಲಿಷಿಗೆ ಮಾರಿದ್ದಾರೆ, ಇತ್ಯಾದಿ. ಬೆಂಗಳೂರಿನಿಂದ ಬರುವ ಅತಿಥಿಗಳು ಈ ಬೈಗುಳನ್ನು ಬಹಳ ಚೆನ್ನಾಗಿ ಬೈಯುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ನಮ್ಮ ತಪ್ಪು ಇದೆ, ಅದಕ್ಕೆ ಆಮೇಲೆ ಬರುತ್ತೇವೆ. ಆದರೆ ಮೊದಲ ತಪ್ಪು ಕನ್ನಡವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ ಕ್ರಮದಲ್ಲಿದೆ ಎಂಬುದು ನಮ್ಮ ವಾದ.

ನಮ್ಮ ಮನೆಯದನ್ನೇ ಹೇಳುತ್ತೇವೆ. ನಮ್ಮ ಮಗಳು ಹನ್ನೊಂದನೆಯ ಇಯತ್ತೆಯಲ್ಲಿ ಫ್ರೆಂಚ್ ತೆಗೆದುಕೊಂಡಾಗ ಅವಳಿಗೆ ಆ ಭಾಷೆಯ ಒಂದು ಶಬ್ದವೂ ಬರುತ್ತಿರಲಿಲ್ಲ. ಈವರೆಗೆ ಎಷ್ಟು ಓದಿದ್ದೀ ಎಂದು ಅವಳನ್ನು ಯಾರೂ ಕೇಳಲಿಲ್ಲ. ಮೊದಲ ದಿನ ನಮಸ್ಕಾರ ಹೇಳಲು ಕಲಿಸಿದರು. ಆಮೇಲೆ ಅಂಗಡಿಯಲ್ಲಿ ಬ್ರೆಡ್ಡು ಕೇಳುವುದು, ದಾರಿ ಕೇಳುವುದು. ಎರಡು ವರ್ಷ ಮುಗಿಯುವ ಹೊತ್ತಿಗೆ ಒಂದು ಪುಟದ ಪತ್ರ ಬರೆಯುತ್ತಿದ್ದಳು. ತೊಂಬತ್ತರ ಮೇಲೆ ಅಂಕವೂ ಬಂತು, ನಾವು ಪೇಡೆಯನ್ನೂ ಹಂಚಿದೆವು.

ಅವಳ ಬಿ.ಎ. ಮುಗಿದ ವರ್ಷ ಅಜ್ಜಿ ತೀರಿಕೊಂಡರು. ಊರಿನ ಮನೆಯ ಟ್ರಂಕಿನಲ್ಲಿ ಒಂದು ಕಟ್ಟು ಇನ್‌ಲ್ಯಾಂಡ್ ಕಾಗದಗಳು ಸಿಕ್ಕಿದವು. ಅಜ್ಜ ಮುಂಬಯಿಯ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತಿದ್ದ ಕಾಲದಲ್ಲಿ ಊರಿಗೆ ಬರೆದವು. ನಮ್ಮದು ತುಳು ಮನೆ. ಅಜ್ಜ ಅಜ್ಜಿಯೊಡನೆ ಕನ್ನಡದಲ್ಲಿ ಒಂದು ಮಾತೂ ಆಡಿದವರಲ್ಲ. ಕಾಗದಗಳೆಲ್ಲ ಕನ್ನಡದಲ್ಲಿ. ಆ ಕಾಲದಲ್ಲಿ ಹಾಗೆಯೇ, ಮಾತು ತುಳುವಿನಲ್ಲಿ, ಕಾಗದ ಕನ್ನಡದಲ್ಲಿ. ಓದಿ ಹೇಳುತ್ತೇವೆ ಎಂದೆವು. ಮಗಳು ಬೇಡವೆಂದಳು. ತಾನೇ ಓದುತ್ತೇನೆ, ಕಲಿಸುವ ಜಾಗ ತೋರಿಸಿ ಎಂದಳು. ಹೆಮ್ಮೆಯಿಂದ ಒಂದು ಸಂಸ್ಥೆಯ ಕನ್ನಡ ವಿಭಾಗಕ್ಕೆ ಕರೆದುಕೊಂಡು ಹೋದೆವು.

"ಬಿ.ಎ.ಯಲ್ಲಿ ಕನ್ನಡ ಇತ್ತೇ?" ಎಂದು ಅಲ್ಲಿದ್ದ ಹಿರಿಯರು ಕೇಳಿದರು. ಇರಲಿಲ್ಲ. "ಹಾಗಾದರೆ ಎಂ.ಎ.ಗೆ ಬರುವುದಿಲ್ಲ." ಅಕ್ಷರದಿಂದ ಕಲಿಸುತ್ತೀರಾ ಎಂದು ಮಗಳು ಕೇಳಿದಳು. ಅವರು ನಕ್ಕು, "ಅಕ್ಷರವನ್ನು ಮನೆಯಲ್ಲಿ ಕಲಿತು ಬರಬೇಕಮ್ಮಾ, ಇಲ್ಲಿ ಪಂಪನಿಂದ ಶುರು" ಎಂದರು. ಒಳ್ಳೆಯವರು, ಚಹಾ ತರಿಸಿ ಕೊಟ್ಟರು. ಆ ನಗು ಮಾತ್ರ ನಮಗೆ ಇನ್ನೂ ಮರೆತಿಲ್ಲ.

ಮನೆಯಲ್ಲಿ ಕಲಿತು ಬರಬೇಕಂತೆ. ಯಾವ ಮನೆಯಲ್ಲಿ? ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದವರಲ್ಲಿ ಬಹಳ ಜನರ ಮನೆಮಾತು ತುಳು. ಅನೇಕರದು ಕೊಂಕಣಿ, ಕೆಲವರದು ಬ್ಯಾರಿ. ಈ ನಗರದಲ್ಲಿ ನಮಗೆಲ್ಲ ಕನ್ನಡ ಬಂದದ್ದು ತಾಯಿಯ ಮೊಲೆಹಾಲಿನಿಂದ ಎಂದು ಭಾಷಣದಲ್ಲಿ ಹೇಳುವುದು ಚೆಂದ, ಆದರೆ ನಿಜವಾಗಿ ಬಂದದ್ದು ಶಾಲೆಯಿಂದ. ನಗರಪಾಲಿಕೆಯ ಕನ್ನಡ ಶಾಲೆಗಳಿದ್ದವು. ಹಗಲೆಲ್ಲ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಹೋಗಿ ಕೂತು ಓದುತ್ತಿದ್ದ ಕನ್ನಡ ರಾತ್ರಿಶಾಲೆಗಳಿದ್ದವು. ಆ ಬೆಂಚುಗಳಿಂದ ಎದ್ದು ಬಂದವರೇ ನಮ್ಮ ಸಂಘಗಳನ್ನು ಕಟ್ಟಿದರು, ಮಾಸಪತ್ರಿಕೆ ನಡೆಸಿದರು, ಯಕ್ಷಗಾನ ಆಡಿಸಿದರು. ಆ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಮಕ್ಕಳನ್ನು ಕಳಿಸದೆ ಮುಚ್ಚಿಸಿದವರು ನಾವೇ. ಇಂದು ಈ ನಗರದಲ್ಲಿ ಹುಟ್ಟಿದ ಹುಡುಗಿಗೆ ಕನ್ನಡ ಲಿಪಿ ಎದುರಾಗುವ ಮೊದಲ ಜಾಗ ವಿಶ್ವವಿದ್ಯಾಲಯವಾಗಬೇಕಾಗಿದೆ. ಅಲ್ಲಿ ಪಂಪನಿಂದ ಶುರು ಎನ್ನುತ್ತಾರೆ!

ಹೀಗೇಕಾಯಿತು ಎಂಬುದಕ್ಕೆ ಚರಿತ್ರೆಯುಂಟು. ಭಾರತೀಯ ದೇಶಭಾಷೆಗಳಿಗೆ ಎಂ.ಎ. ದರ್ಜೆಯ ಮಾನ್ಯತೆ ಸುಲಭವಾಗಿ ಸಿಕ್ಕಿದ್ದಲ್ಲ. 1919ರಲ್ಲಿ ಕಲಕತ್ತೆಯಲ್ಲಿ ಆಶುತೋಷ ಮುಖರ್ಜಿಯವರು ದೇಶಭಾಷೆಗಳ ಎಂ.ಎ. ತರಗತಿಗಳನ್ನು ತೆರೆದಾಗ, ಸಂಸ್ಕೃತದ ಪಕ್ಕದಲ್ಲಿ, ಇಂಗ್ಲಿಷಿನ ಎದುರಿನಲ್ಲಿ ಇವೂ ಕೂರಬಲ್ಲವೆಂದು ತೋರಿಸಬೇಕಾಗಿತ್ತು. ಆದ್ದರಿಂದ ಪ್ರಾಚೀನ ಕಾವ್ಯ, ವ್ಯಾಕರಣ, ಛಂದಸ್ಸು, ಸಾಹಿತ್ಯ ಚರಿತ್ರೆ ಇವೇ ದೇಶಭಾಷಾ ವಿಭಾಗಗಳ ಅಡಿಗಲ್ಲಾದವು. ಓದಲು ಬರುವವರು ಆ ಭಾಷೆಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅದು ಸರಿಯಾಗಿಯೂ ಇತ್ತು. ಅದೇ ಕಟ್ಟಡವನ್ನು ಹೊರನಾಡಿಗೂ ತಂದು ನಿಲ್ಲಿಸಿದರು. ಆಗ ಅದೂ ನಡೆಯಿತು, ಏಕೆಂದರೆ ಕೆಳಗೆ ಕನ್ನಡ ಶಾಲೆಗಳಿದ್ದವು.

ನಡೆಯಿತು ಎನ್ನುವುದು ಕಡಿಮೆ ಮಾತು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದವರು ಬೇಂದ್ರೆಯವರು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರಿದ್ದರು. ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಾಗಿ ವಿಸ್ತರಿಸಿದವರು ಮರಿಯಪ್ಪ ಭಟ್ಟರು, ಹೊರತಂದದ್ದು ಮದರಾಸು ವಿಶ್ವವಿದ್ಯಾಲಯ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ನಡೆಸಿದ ಶ್ರೀನಿವಾಸ ಹಾವನೂರರ ಪಾಂಡಿತ್ಯ ಹತ್ತೊಂಬತ್ತನೆಯ ಶತಮಾನದ ಕನ್ನಡದ ಮೇಲೆ ಬೆಳಕು ಚೆಲ್ಲಿತು. ಈ ವಿಭಾಗಗಳನ್ನು ಹೀನಾಯ ಮಾಡುವುದು ನಮ್ಮ ಉದ್ದೇಶವಲ್ಲ. ಅವು ಇಂದು ಕಾಯುತ್ತಾ ಕೂತಿರುವ ವಿದ್ಯಾರ್ಥಿ ಇನ್ನು ಬರುವುದಿಲ್ಲ, ಬೇರೊಬ್ಬ ವಿದ್ಯಾರ್ಥಿ ಬಾಗಿಲಲ್ಲೇ ನಿಂತಿದ್ದಾನೆ ಎಂದಷ್ಟೇ ಹೇಳುತ್ತಿದ್ದೇವೆ.

ಫ್ರೆಂಚ್, ಜರ್ಮನ್ ಕಲಿಸುವವರನ್ನು ನೋಡಿ. ಅವರು ತಮ್ಮ ಭಾಷೆಯನ್ನು ಒಂದು ಆಧುನಿಕ ಭಾಷೆ ಎಂದು ಕಲಿಸುತ್ತಾರೆ. ಬಂದವನಿಗೆ ಏನೂ ಗೊತ್ತಿಲ್ಲವೆಂದೇ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಯುರೋಪಿನವರು ಭಾಷಾಕಲಿಕೆಗೆ ಆರು ಮೆಟ್ಟಿಲುಗಳನ್ನು ನಿಗದಿ ಮಾಡಿಕೊಂಡಿದ್ದಾರೆ. ಮೊದಲನೆಯದರಲ್ಲಿ ಹೆಸರು ಊರು ಹೇಳುವುದು, ಆರನೆಯದರಲ್ಲಿ ಯಾವ ಗ್ರಂಥವನ್ನಾದರೂ ಓದುವುದು. ಜೊತೆಗೆ ಹಾಡು, ಅಡಿಗೆ, ಸಿನೆಮಾ, ಜಗಳ, ರಾಜಕೀಯ, ಎಲ್ಲವೂ ಪಾಠವೇ. ಮುಂಬಯಿಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೆಸರಾದ ಆ ಪಂಡಿತ ಋಗ್ವೇದವನ್ನು ಸಂಪಾದಿಸಿದರೂ ಒಮ್ಮೆಯೂ ಭಾರತಕ್ಕೆ ಬಂದವನಲ್ಲ. ಅಕ್ಷರದಿಂದ ಕಲಿತ ಭಾಷೆ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಬಲ್ಲದು, ನೋಡಿ.

ನಮ್ಮ ಪ್ರಾಧ್ಯಾಪಕರು ಇದಕ್ಕೆ ಕೊಡುವ ಉತ್ತರ ನಮಗೆ ಗೊತ್ತು: ಮಟ್ಟ ಇಳಿಯುತ್ತದೆ. ಸ್ವಾಮಿ, 1853ರಲ್ಲಿ ಕಿಟ್ಟೆಲರು ಹಡಗಿಳಿದಾಗ ಯಾವ ಪಂಪನನ್ನು ಓದಿಕೊಂಡು ಬಂದಿದ್ದರು? ಅಕ್ಷರದಿಂದ ಶುರು ಮಾಡಿದ ಆ ಮನುಷ್ಯ ಕೇಶಿರಾಜನನ್ನು ಸಂಪಾದಿಸಿದರು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚು ಮಾಡಿಸಿದರು, 1894ರಲ್ಲಿ ನಿಘಂಟು ಕೊಟ್ಟರು. ಅದು ಹಳೆಯ ಕಾಲವಾಯಿತು ಎಂದರೆ ಇಂದಿನದನ್ನೇ ತೆಗೆದುಕೊಳ್ಳಿ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಅಡಿಯಲ್ಲಿ ಪ್ರಾದೇಶಿಕ ಭಾಷಾ ಕೇಂದ್ರಗಳಿವೆ. ಬೇರೆ ರಾಜ್ಯಗಳ ಶಾಲಾ ಶಿಕ್ಷಕರಿಗೆ ಮೈಸೂರಿನ ಕೇಂದ್ರದಲ್ಲಿ ಹತ್ತು ತಿಂಗಳಲ್ಲಿ ಕನ್ನಡ ಕಲಿಸಲೆಂದೇ ಪಠ್ಯಕ್ರಮ ಮಾಡಿದರು. ಹಿಂದಿ ಸೀಮೆಯ ಮೇಷ್ಟರಿಗೆ ಹತ್ತು ತಿಂಗಳಲ್ಲಿ ಬರುವ ಭಾಷೆ, ಕಿವಿಯಲ್ಲಿ ಅರ್ಧ ಕನ್ನಡ ಇಟ್ಟುಕೊಂಡೇ ಬೆಳೆದ ನಮ್ಮ ಮಗಳಿಗೆ ಬಾರದೇ? ಪಠ್ಯಪುಸ್ತಕವುಂಟು, ಕ್ರಮವುಂಟು, ಅನುಭವವುಂಟು. ಇಲ್ಲದ್ದು ಅದನ್ನು ವಿಶ್ವವಿದ್ಯಾಲಯದ ಒಳಬಾಗಿಲಿಗೆ ಜೋಡಿಸುವ ಮನಸ್ಸು.

ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳು ಕೆಲವೆಡೆ ಇವೆಯಲ್ಲ ಎನ್ನುವವರುಂಟು. ಇವೆ, ಅವನ್ನು ನಡೆಸುವವರಿಗೆ ನಮ್ಮ ನಮಸ್ಕಾರ. ಆದರೆ ಸರ್ಟಿಫಿಕೇಟ್ ಪಡೆದವನು ಮುಂದೆ ಎಲ್ಲಿಗೆ ಹೋಗಬೇಕು? ಬಾಡಿಗೆಗೆ ಬಂದ ಹೊಸಬನಿಗೆ ಹತ್ತು ವಾಕ್ಯ ಕಲಿಸುವ ತರಗತಿ ಒಂದು ಕಡೆ, ಪಂಪ ಇನ್ನೊಂದು ಕಡೆ, ನಡುವೆ ಸೇತುವೆ ಇಲ್ಲದ ಹೊಳೆ. ಫ್ರೆಂಚಿನಲ್ಲಿ ಶೂನ್ಯದಿಂದ ಹೊರಟವನು ಅದರಲ್ಲೇ ಎಂ.ಎ. ಮುಟ್ಟಬಲ್ಲ.

ಈಗ ನಮ್ಮ ತಪ್ಪಿಗೆ ಬರೋಣ. ನಾವು ಫ್ರೆಂಚ್ ಕೊಡಿಸಿದ್ದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಅಂಕ ಬರುತ್ತದೆಂದು. ನಮ್ಮ ಮಗಳು ಹನ್ನೆರಡನೆಯದರಲ್ಲಿ ಬರೆದಿದ್ದ ಫ್ರೆಂಚ್ ಪತ್ರವನ್ನು ಈಗ ಅವಳ ಮುಂದೆ ಹಿಡಿದರೆ ಅವಳಿಗೇ ನಗು. ಇದು ಫ್ರೆಂಚಿಗೂ ಅವಮಾನ. ಪರಭಾಷೆ ಓದಬಾರದೆಂದು ನಾವು ಹೇಳುವವರಲ್ಲ. ಹೊಸಗನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಬಿ.ಎಂ.ಶ್ರೀ., ಗೋಕಾಕ್, ಅಡಿಗ, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಅವರು ಓದಿದ ಹಾಗೆ ಓದಲಿ. ಅಂಕಕ್ಕಾಗಿಯೇ ಓದುವುದಾದರೆ, ಕನ್ನಡವನ್ನೂ ಅಷ್ಟೇ ಸುಲಭದ ಮೊದಲ ಮೆಟ್ಟಿಲಿನಿಂದ ಕಲಿಸಿ, ಆ ಮೆಟ್ಟಿಲಿಗೆ ತಕ್ಕ ಪ್ರಶ್ನೆಪತ್ರಿಕೆ ಮಾಡಿದರೆ ಅಲ್ಲೂ ಅಂಕ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವನಿಗೂ ಇವಳಿಗೂ ಒಂದೇ ಪ್ರಶ್ನೆಪತ್ರಿಕೆ ಎಂದರೆ ಯಾವ ತಂದೆತಾಯಿ ಧೈರ್ಯ ಮಾಡುತ್ತಾರೆ?

ನೌಕರಿ ಸಿಗುತ್ತದೆಯೇ ಎಂದು ಕೇಳುವವರಿಗೆ ಸುಳ್ಳು ಹೇಳುವುದಿಲ್ಲ. ಕನ್ನಡ ಎಂ.ಎ. ಮಾಡಿದವರೆಲ್ಲರಿಗೂ ಕುರ್ಚಿ ಕಾದಿಲ್ಲ. ಆದರೆ ಎರಡು ಭಾಷೆಗಳ ನಡುವೆ ಓಡಾಡಬಲ್ಲವರಿಗೆ ಹೊಸ ಕಾಲ ಬಂದಿದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿ.ಎಸ್.ಸಿ. ಪ್ರಶಸ್ತಿ ಪಡೆದವು. 2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನುವಾದಕಿ ದೀಪಾ ಭಾಸ್ತಿಯವರಿಗೂ ಅದರಲ್ಲಿ ಸಮಪಾಲು. ನಮ್ಮ ಮಗಳು ಕಾಯ್ಕಿಣಿಯವರ ಕಥೆಗಳನ್ನು ಓದಿದ್ದು ಇಂಗ್ಲಿಷಿನಲ್ಲಿ. ತಾನು ದಿನಾ ಲೋಕಲ್ ಗಾಡಿ ಹತ್ತಿಳಿಯುವ ಊರಿನ ಬಗ್ಗೆ, ತನ್ನ ಅಜ್ಜನ ಕಾಗದದ ಭಾಷೆಯಲ್ಲಿ ಬರೆದ ಕಥೆಗಳನ್ನು ಅವಳು ಇಂಗ್ಲಿಷಿನಲ್ಲಿ ಓದಬೇಕಾಯಿತಲ್ಲ ಎಂದು ನಾವು ನಾಚಿದೆವು, ಅವಳು ಸಿಟ್ಟಾದಳು. ಅವಳ ಸಿಟ್ಟೇ ಹೆಚ್ಚು ಉಪಯೋಗಕ್ಕೆ ಬಂತು ಎನ್ನಬೇಕು.

ಸಂಸ್ಕೃತಿಯ ಮಾತನ್ನೂ ಹೇಳಿಬಿಡುತ್ತೇವೆ. ಹೊರನಾಡಿನ ಕನ್ನಡ ವಿಭಾಗದಲ್ಲಿ ಹೊರನಾಡೇ ಪಠ್ಯವಾಗಬೇಕು. ಚಿತ್ತಾಲರ 'ಶಿಕಾರಿ'ಯನ್ನು ಅದು ನಡೆಯುವ ಊರಿನಲ್ಲೇ ಓದುವ ಭಾಗ್ಯ ಧಾರವಾಡದ ವಿದ್ಯಾರ್ಥಿಗಿಲ್ಲ, ನಮ್ಮವನಿಗುಂಟು. ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು, ಹೋಟೆಲುಗಳ ಕಥೆ, ಇಂಥ ಮಾಸಪತ್ರಿಕೆಗಳ ಹಳೆಯ ಸಂಚಿಕೆಗಳು, ಟ್ರಂಕುಗಳಲ್ಲಿರುವ ಇನ್‌ಲ್ಯಾಂಡ್ ಕಾಗದಗಳು, ಇವನ್ನು ಓದಬಲ್ಲವರು ಇನ್ನು ಇಪ್ಪತ್ತು ವರ್ಷಕ್ಕೆ ಈ ಊರಿನಲ್ಲಿ ಯಾರಿರುತ್ತಾರೆ? 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಜನ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ತುಳು, ಕೊಂಕಣಿ ಬರೆಸಿದ ನಮ್ಮಂಥವರು ಆ ಲೆಕ್ಕದಲ್ಲಿಲ್ಲ.

ಆದ್ದರಿಂದ ಈ ಬಾರಿಯ ಮಹಾಸಭೆಗೆ ಬೇರೆ ಠರಾವು ತರುತ್ತಿದ್ದೇವೆ. ಅಕ್ಷರದಿಂದ ಆರಂಭಿಸಿ ಎರಡು ವರ್ಷದಲ್ಲಿ ಪತ್ರಿಕೆ, ಸಣ್ಣಕಥೆ ಓದಿಸುವ ಸಂಜೆಯ ತರಗತಿ. ಮೂರನೆಯ ವರ್ಷ ಸೇತುಬಂಧ. ಅದನ್ನು ದಾಟಿದ ಯಾವ ಪದವೀಧರನಿಗಾದರೂ ಎಂ.ಎ. ಪ್ರವೇಶ. ವಿಶ್ವವಿದ್ಯಾಲಯ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಲಿ, ಜಾಗ ನಾವು ಕೊಡೋಣ. ಸಂಘದ ಸಭಾಗೃಹ ವಾರದಲ್ಲಿ ಐದು ಸಂಜೆ ಖಾಲಿಯೇ ಬಿದ್ದಿರುತ್ತದೆ, ಆರನೆಯ ಸಂಜೆ ಇಸ್ಪೀಟು. ರಾಜ್ಯೋತ್ಸವಕ್ಕೆ ಬರುವ ಅತಿಥಿಗಳ ಹಾರ, ಶಾಲು, ಫಲತಾಂಬೂಲಗಳನ್ನು ಒಂದು ವರ್ಷ ಬಿಟ್ಟರೆ ಶಿಕ್ಷಕರ ಗೌರವಧನಕ್ಕೆ ಒಂದು ಮೊತ್ತವಾದರೂ ಕೂಡುತ್ತದೆ. ಅತಿಥಿಗಳು ಮುನಿಸಿಕೊಳ್ಳಲಾರರು ಎಂದು ನಂಬಿದ್ದೇವೆ.

ಠರಾವಿಗೆ ಮೊದಲೇ ಹೆಸರು ಕೇಳಿ ನೋಡಿದೆವು. ಈವರೆಗೆ ಹದಿನಾಲ್ಕು ಬಂದಿವೆ. ಅದರಲ್ಲಿ ಒಂದು ನಮ್ಮ ಮಗಳದು; ಇಬ್ಬರು ಮರಾಠಿ ಮನೆಯವರು, ಒಬ್ಬ ಹುಡುಗಿ ಗುಜರಾತಿ. ಕಾರ್ಯಕಾರಿ ಸಮಿತಿಯ ಸದಸ್ಯರ ಮನೆಗಳಿಂದ ಇನ್ನೂ ಒಂದೂ ಬಂದಿಲ್ಲ. ಮಹಾಸಭೆಯ ದಿನದವರೆಗೆ ಪಟ್ಟಿ ಸಂಘದ ಕಚೇರಿಯಲ್ಲಿ, ಗಡಿಯಾರದ ಕೆಳಗಿನ ಮೇಜಿನ ಮೇಲೆ ಇರುತ್ತದೆ.